ಎಂಟೂವರೆ ಸೀರಿಯಲ್‌ನ ಸೊಸೆಯ ಕೈ: ಇದು ಎಂತ ಚಿಕಿತ್ಸೆ ಮಾರಾಯ್ರೆ?

ಅಂಗಳದ ಪಾಚಿ · ಸಂಜೆ 6.10

ನಮ್ಮ ಮನೆಯಲ್ಲಿ ರಾತ್ರಿ ಎಂಟೂವರೆಗೆ ಯಾರೂ ಮಾತಾಡುವ ಹಾಗಿಲ್ಲ. ಅದು ಅಜ್ಜಿಯ ಸೀರಿಯಲ್ ಹೊತ್ತು. ನಿನ್ನೆ ಮಾತ್ರ ಅಜ್ಜಿಯೇ ಬೊಬ್ಬೆ ಹಾಕಿದರು.

ಕಥೆ ನೋಡದವರಿಗೆ ಹೇಳುತ್ತೇನೆ. ಕಳೆದ ವಾರ ನಾದಿನಿ ಸೊಸೆಯನ್ನು ಮೆಟ್ಟಿಲಿನಿಂದ ದೂಡಿದಳು. ಡಾಕ್ಟರ್ ಎಕ್ಸ್‌ರೇಯನ್ನು ಟ್ಯೂಬ್‌ಲೈಟಿಗೆ ಹಿಡಿದು 'ತೋಳಿನ ಎಲುಬು ಮುರಿದಿದೆ, ಮೂರು ದಿನ ರೆಸ್ಟ್ ಬೇಕು' ಅಂದರು. ಪ್ಲಾಸ್ಟರ್ ಹಾಕಿದ್ದು ಅಂಗೈಯಿಂದ ಮೊಣಕೈಯ ಕೆಳಗಿನವರೆಗೆ. ಆ ಪ್ಲಾಸ್ಟರಿನ ಮೇಲೆ ಬಳೆ! ಒಂದಲ್ಲ, ಡಜನ್. ನಾಲ್ಕನೇ ಎಪಿಸೋಡಿಗೆ ಅತ್ತೆ ಅಡಿಗೆಮನೆಯ ಕತ್ತರಿಯಲ್ಲೇ ಪ್ಲಾಸ್ಟರ್ ಕತ್ತರಿಸಿ ತೆಗೆದರು. ನಿನ್ನೆ ಅದೇ ಕೈಯಲ್ಲಿ ಸೊಸೆ ಕೊಡಪಾನ ಎತ್ತಿ ಸೊಂಟಕ್ಕೆ ಇಟ್ಟಳು.

ಅಜ್ಜಿಗೆ ಕಳೆದ ಆಟಿ ತಿಂಗಳ ಮಳೆಯಲ್ಲಿ ಅಂಗಳದಲ್ಲಿ ಜಾರಿ ಬಿದ್ದು ಮಣಿಗಂಟು ಮುರಿದಿತ್ತು. ಪ್ಲಾಸ್ಟರ್ ಆರು ವಾರ. ಬೈರಾಸು, ಅಂದರೆ ಟವೆಲ್, ಹಿಂಡಲು ಆಮೇಲೂ ಎರಡು ತಿಂಗಳು ಆಗಲಿಲ್ಲ. ಈಗ ಅವರ ಪ್ರಶ್ನೆ: 'ಅವಳಿಗೆ ಮೂರು ದಿನ, ನಂಗೆ ಆರು ವಾರ. ಆ ಡಾಕ್ಟ್ರು ದುಡ್ಡಿಗೆ ಬೇಕಾಗಿ ಎಳೆದದ್ದಾ?' ಅಷ್ಟೇ ಅಲ್ಲ, ಕೈಗೆ ಹೇಳಿಕೊಟ್ಟ ವ್ಯಾಯಾಮವನ್ನೂ ನಿನ್ನೆಯಿಂದ ಬಿಟ್ಟಿದ್ದಾರೆ. ಗೊತ್ತಿದ್ದವರು ಸರಿಯಾಗಿ ಹೇಳಿ, ಓದಿ ಹೇಳುತ್ತೇನೆ.

ಮಂಜೇಶ್ವರ ಮೀನು · 6.14

ಕೊಡಪಾನ ಖಾಲಿ ಇತ್ತು. ಸೀರಿಯಲ್‌ನಲ್ಲಿ ತುಂಬಿದ ಕೊಡಪಾನ ಇವತ್ತಿನವರೆಗೆ ಯಾರೂ ಹೊತ್ತದ್ದಿಲ್ಲ.

ಸೀರಿಯಲ್ ಸೀತಕ್ಕ · 6.20

ಎಲ್ಲದಕ್ಕೂ ಕೊಂಕು ತೆಗೆಯಬೇಡಿ. ಸೊಸೆ ಆರು ವಾರ ಮಲಗಿದರೆ ಕಥೆ ಯಾರು ನಡೆಸುವುದು? ನಾದಿನಿಯಾ? ಮನರಂಜನೆಗೆ ನೋಡುವುದು, ಎಂಬಿಬಿಎಸ್ ಪರೀಕ್ಷೆಗೆ ಅಲ್ಲ.

ಕುಂಬಳೆ ಲೋಕಲ್ · 6.22

ಸೀತಕ್ಕಾ, ನಿಮ್ಮ ಸೊಸೆ ಕೋಮಾದಲ್ಲಿ ಎಂಟು ತಿಂಗಳು ಇದ್ದಳಲ್ಲ? ಆಗ ಕಥೆ ನಡೆಯಲಿಲ್ವಾ?

ಎಲುಬು ಡಾಕ್ಟ್ರು · 6.48

ನಾನು ಕಾಸರಗೋಡಿನ ಮುಳ್ಳೇರಿಯದವ. ಮಂಗಳೂರಿನಲ್ಲಿ ಎಲುಬಿನ ವಿಭಾಗದಲ್ಲಿ ಪಿ.ಜಿ. ಮಾಡುತ್ತಿದ್ದೇನೆ. ಸೀರಿಯಲ್ ನೋಡಲು ಪುರುಸೊತ್ತಿಲ್ಲ, ಆದರೆ ಈ ತುಣುಕು ಹಾಸ್ಟೆಲಿನ ಎಲ್ಲರ ಫೋನಿಗೂ ಬಂದಿದೆ. ನಕ್ಕು ನಕ್ಕು ಸಾಕಾಯಿತು.

ತೋಳಿನಲ್ಲಿ, ಅಂದರೆ ಭುಜದಿಂದ ಮೊಣಕೈವರೆಗೆ, ಇರುವುದು ಒಂದೇ ಎಲುಬು, ಹ್ಯೂಮರಸ್. ಮೊಣಕೈಯಿಂದ ಕೆಳಗೆ ಎರಡು, ರೇಡಿಯಸ್ ಮತ್ತು ಅಲ್ನಾ. ಡಾಕ್ಟರ್ ಹಿಡಿದ ಫಿಲ್ಮಿನಲ್ಲಿ ಎರಡು ಎಲುಬು ಚೆನ್ನಾಗಿ ಕಾಣುತ್ತದೆ. ಬಾಯಲ್ಲಿ ಹೇಳಿದ್ದು ತೋಳು. ಮುರಿದ ಜಾಗದ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಅಲುಗಬಾರದು ಅನ್ನುವುದು ನಾವು ಮೊದಲು ಕಲಿಯುವ ಪಾಠ. ತೋಳು ಮುರಿದವರಿಗೆ ಮೊಣಕೈ ಕೆಳಗೆ ಪ್ಲಾಸ್ಟರ್ ಹಾಕುವುದು ಅಂದರೆ ಹಂಚು ಒಡೆದದ್ದು ಮಾಡಿನಲ್ಲಿ, ಸಿಮೆಂಟ್ ಹಾಕಿದ್ದು ಜಗಲಿಗೆ.

ತೋಳಿಗೆ ಸಾಮಾನ್ಯವಾಗಿ ಯು ಆಕಾರದ ಸ್ಲ್ಯಾಬ್, ಅಂದರೆ ಪೂರ್ತಿ ಸುತ್ತದ ಪ್ಲಾಸ್ಟರ್ ಪಟ್ಟಿ ಹಾಕಿ, ಊತ ಇಳಿದ ಮೇಲೆ ಬ್ರೇಸ್, ಅಂದರೆ ಬಿಚ್ಚಿ ಕಟ್ಟುವ ಆಸರೆ ಕೊಡುತ್ತಾರೆ. ಇಲ್ಲದಿದ್ದರೆ ಆಪರೇಶನ್ ಮಾಡಿ ಪ್ಲೇಟ್ ಕೂರಿಸುತ್ತಾರೆ. ಎಲುಬು ಕೂಡಲು ಎಂಟರಿಂದ ಹನ್ನೆರಡು ವಾರ. ಇನ್ನೊಂದು ಸಂಗತಿ. ಆ ಎಲುಬಿಗೆ ಸುತ್ತಿಕೊಂಡ ಹಾಗೆ ರೇಡಿಯಲ್ ಅನ್ನುವ ನರ ಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಅಂಗೈ ಮೇಲೆತ್ತಲು ಆಗುವುದಿಲ್ಲ, ಬಾಡಿದ ಕೆಸುವಿನ ಎಲೆಯ ಹಾಗೆ ನೇತಾಡುತ್ತದೆ. ಆದ್ದರಿಂದ ತೋಳು ಮುರಿದು ಬಂದವರಿಗೆ ನಾವು ಮೊದಲು ಹೇಳುವುದು 'ಅಂಗೈ ಮೇಲೆತ್ತಿ ನೋಡುವಾ' ಅಂತ. ಸೀರಿಯಲ್ ಡಾಕ್ಟರ್ ಸೊಸೆಯ ಕೈಯನ್ನು ಮುಟ್ಟಿಯೂ ನೋಡಲಿಲ್ಲ. ಗಂಡನ ಮುಖ ನೋಡಿಯೇ ಔಷಧಿ ಬರೆದರು.

ಅಜ್ಜಿಗೆ ಹೇಳಿ: ಆರು ವಾರ ಸರಿಯಾದ ಲೆಕ್ಕ. ಯಾರೂ ಎಳೆದದ್ದಲ್ಲ.

ಕುಂಬಳೆ ಲೋಕಲ್ · 6.55

ಒಂದು ನಿಮಿಷ ಡಾಕ್ಟ್ರೇ. ಮೇಲಿನ ಕೀಲು ಕೆಳಗಿನ ಕೀಲು ಎರಡೂ ಕಟ್ಟಬೇಕು ಅಂದಿರಿ. ನನ್ನ ಅಮ್ಮನಿಗೆ ಮಣಿಗಂಟು ಮುರಿದಾಗ ಮೊಣಕೈ ಬಿಟ್ಟೇ ಹಾಕಿದ್ದರು. ಅದು ತಪ್ಪಾ ಹಾಗಾದರೆ?

ಎಲುಬು ಡಾಕ್ಟ್ರು · 7.02

ತಪ್ಪಲ್ಲ. ನಾನು ಹೇಳಿದ್ದು ಎಲುಬಿನ ನಡುಭಾಗ ಮುರಿದರೆ. ಮಣಿಗಂಟಿನ ಹತ್ತಿರ, ತುದಿಯಲ್ಲಿ ಮುರಿದರೆ ಮೊಣಕೈ ಬಿಟ್ಟು ಹಾಕುವುದೇ ಹೆಚ್ಚು. ಮೊಣಕೈ ಆಡುತ್ತಿದ್ದರೆ ಆಮೇಲೆ ಬಿಗಿಯುವುದಿಲ್ಲ. ಕೈ ಊರಿ ಬಿದ್ದಾಗ ಆಗುವ ಈ ಮುರಿತಕ್ಕೆ ಕಾಲೀಸ್ ಮುರಿತ ಅಂತ ಹೆಸರು. ಅಬ್ರಹಾಂ ಕಾಲೀಸ್ ಅನ್ನುವ ಐರ್ಲೆಂಡಿನ ಡಾಕ್ಟರ್ ಇದರ ಬಗ್ಗೆ ಬರೆದದ್ದು 1814ರಲ್ಲಿ. ಎಕ್ಸ್‌ರೇ ಬಂದದ್ದು 1895ರಲ್ಲಿ. ಫಿಲ್ಮೇ ಇಲ್ಲದೆ, ಮುಟ್ಟಿ ನೋಡಿ ಹೇಳಿದ ಮನುಷ್ಯ. ನಮ್ಮ ಸೀರಿಯಲ್ ಡಾಕ್ಟರಿಗೆ ಫಿಲ್ಮ್ ಇದ್ದೂ ಗೊತ್ತಾಗಲಿಲ್ಲ.

ಕಪ್ಪು ಬಿಳುಪು · 7.15

ಎಕ್ಸ್‌ರೇ ಟೆಕ್ನಿಷಿಯನ್ ಆಗಿ 19 ವರ್ಷ ಆಯಿತು, ನನಗೂ ಸ್ವಲ್ಪ ಜಾಗ ಕೊಡಿ.

ಒಂದೇ ಫಿಲ್ಮ್ ನೋಡಿ ಮುರಿತ ಹೇಳುವವರನ್ನು ನಾನು ನಂಬುವುದಿಲ್ಲ. ಎದುರಿನಿಂದ ಒಂದು, ಪಕ್ಕದಿಂದ ಒಂದು, ಎರಡು ಬೇಕೇಬೇಕು. ಎದುರಿನಿಂದ ನೋಡಿದರೆ ಕೋಲು ನೇರ ಇದ್ದ ಹಾಗೆ ಕಾಣುತ್ತದೆ, ಪಕ್ಕದಿಂದ ನೋಡಿದರೆ ಬಿಲ್ಲು. ಮತ್ತೆ, ಫಿಲ್ಮಿನ ಮೂಲೆಯಲ್ಲಿ ಎಡ ಬಲ ಗುರುತು ಇರುತ್ತದೆ. ನಾನು ವಿಡಿಯೋ ನಿಲ್ಲಿಸಿ ದೊಡ್ಡದು ಮಾಡಿ ನೋಡಿದೆ. ಗುರುತು ಉಲ್ಟಾ. ಅಂದರೆ ಡಾಕ್ಟರ್ ಫಿಲ್ಮನ್ನು ತಿರುಗಿಸಿ ಹಿಡಿದಿದ್ದಾರೆ.

ಡಾಕ್ಟ್ರೇ, ತೋಳು ಮುರಿದವರಿಗೆ ಕೈಗೆ ಭಾರವಾಗಿ ಪ್ಲಾಸ್ಟರ್ ಹಾಕಿ ನೇತಾಡಿಸುವ ಕ್ರಮ ಮೊದಲು ಇತ್ತಲ್ಲ? ಹ್ಯಾಂಗಿಂಗ್ ಕಾಸ್ಟ್ ಅಂತ. ಆ ಭಾರಕ್ಕೇ ಎಲುಬು ನೇರ ಆಗುತ್ತದೆ ಅನ್ನುತ್ತಿದ್ದರು.

ಎಲುಬು ಡಾಕ್ಟ್ರು · 7.19

ಇತ್ತು, ಈಗಲೂ ಎಲ್ಲೋ ಕೆಲವೊಮ್ಮೆ ಮಾಡುತ್ತಾರೆ. ಆದರೆ ಅಣ್ಣ, ಅದು ಮೊಣಕೈಯನ್ನು ಬಗ್ಗಿಸಿ, ಮೊಣಕೈ ದಾಟಿ ಮೇಲಿನವರೆಗೆ ಬರುತ್ತದೆ. ಸೀರಿಯಲ್‌ನಲ್ಲಿ ಹಾಕಿದ್ದು ಗ್ಲೌಸಿನ ಅಣ್ಣನಷ್ಟು.

ಬಣ್ಣದ ಡಬ್ಬ · 7.31

ಬೆಂಗಳೂರಿನಲ್ಲಿ ಎರಡು ವರ್ಷ ಸೀರಿಯಲ್ ಸೆಟ್ಟಿನ ಆರ್ಟ್ ವಿಭಾಗದಲ್ಲಿದ್ದೆ. ಈ ಸೀರಿಯಲ್ ಅಲ್ಲ, ಬೇರೆ. ಒಳಗಿನ ಕಥೆ ಹೇಳುತ್ತೇನೆ.

ಪ್ಲಾಸ್ಟರನ್ನು ಒಂದು ಸಲ ಮಾಡಿ, ಉದ್ದಕ್ಕೆ ಸೀಳಿ, ಒಳಗೆ ವೆಲ್ಕ್ರೋ ಅಂಟಿಸುತ್ತೇವೆ. ನಟಿ ಊಟಕ್ಕೆ ಹೋಗುವಾಗ ಕಳಚಿ ಮೇಜಿನ ಮೇಲೆ ಇಟ್ಟು ಹೋಗುತ್ತಾರೆ. ಮೊಣಕೈ ದಾಟಿಸಿದರೆ ಸೀರೆಯ ರವಿಕೆ ತೋಳು ಹಿಡಿಸುವುದಿಲ್ಲ, ಕಾಸ್ಟ್ಯೂಮಿನವರು ಜಗಳಕ್ಕೆ ಬರುತ್ತಾರೆ. ಅದಕ್ಕೆ ಗಿಡ್ಡ. ಬಳೆ ಯಾಕೆ ಅಂದರೆ ಮುತ್ತೈದೆ ಪಾತ್ರದ ಕೈ ಬೋಳು ಕಾಣಬಾರದು ಅಂತ ಮೇಲಿನಿಂದ ಅಪ್ಪಣೆ. ಒಮ್ಮೆ ಬೆಳಿಗ್ಗೆಯ ಸೀನಿನಲ್ಲಿ ಬಲಗೈಗೆ ಇದ್ದದ್ದು ಸಂಜೆಯ ಸೀನಿಗೆ ಎಡಗೈಗೆ ಹೋಗಿತ್ತು. ಪ್ರಸಾರವೂ ಆಯಿತು. ಯಾರೂ ಕೇಳಲಿಲ್ಲ.

ಸೀರಿಯಲ್ ಸೀತಕ್ಕ · 7.34

ಇದೇ ಕಥೆ ಮಲಯಾಳ ಚಾನೆಲಿನಲ್ಲೂ ಬರುತ್ತದೆ. ಅಲ್ಲಿ ಸೊಸೆಗೆ ಮೊಣಕೈ ಮೇಲಿನವರೆಗೂ ಪ್ಲಾಸ್ಟರ್ ಉಂಟು. ಆದರೆ ಅಲ್ಲಿಯ ಅತ್ತೆ ಇಷ್ಟು ಒಳ್ಳೆಯವಳಲ್ಲ.

ಕುಂಬಳೆ ಲೋಕಲ್ · 7.35

ಎರಡೂ ನೋಡ್ತೀರಾ ಸೀತಕ್ಕ? ನಿಮಗೆ ಪ್ರಶಸ್ತಿ ಕೊಡಬೇಕು.

ಹಿಡಿಸೂಡಿ · 7.52

ಬಳೆ ವಿಷಯ ನಗುವ ಸಂಗತಿ ಅಲ್ಲ. ನನ್ನ ಚಿಕ್ಕಮ್ಮ ದನದ ಕೊಟ್ಟಿಗೆಯಲ್ಲಿ ಬಿದ್ದರು. ಬೆರಳಿನಲ್ಲಿ ಉಂಗುರ, ಕೈಯಲ್ಲಿ ಎರಡು ಚಿನ್ನದ ಬಳೆ. 'ಆಸ್ಪತ್ರೆಗೆ ಹೋಗುವಾಗ ಕೈ ಬೋಳು ಬೇಡ' ಅಂತ ತೆಗೆಯಲಿಲ್ಲ. ಒಂದೂವರೆ ಗಂಟೆಯಲ್ಲಿ ಕೈ ಬದನೆಕಾಯಿ. ಸೋಪು, ತೆಂಗಿನೆಣ್ಣೆ, ಯಾವುದಕ್ಕೂ ಉಂಗುರ ಜಗ್ಗಲಿಲ್ಲ. ಕಡೆಗೆ ಆಸ್ಪತ್ರೆಯಲ್ಲಿ ಕತ್ತರಿಸಿದರು. ಕೈಗೆ ಪೆಟ್ಟಾದರೆ ಮೊದಲು ಉಂಗುರ, ಬಳೆ, ವಾಚು ತೆಗೆಯಿರಿ. ಆಮೇಲೆ ಆಟೋ ಕರೆಯಿರಿ.

ಇನ್ನೊಂದು. ಅಡಿಗೆಮನೆಯ ಕತ್ತರಿಯಲ್ಲಿ ಪ್ಲಾಸ್ಟರ್ ಹೋಗುವುದಿಲ್ಲ. ಅದಕ್ಕೆ ಬೇರೆ ಮಿಷನ್ ಉಂಟು, ಚಕ್ರ ಇರುತ್ತದೆ. ಸುತ್ತು ತಿರುಗುವುದಿಲ್ಲ, ಅಲ್ಲಲ್ಲೇ ನಡುಗುತ್ತದೆ. ಗಟ್ಟಿ ಪ್ಲಾಸ್ಟರ್ ಸೀಳುತ್ತದೆ, ಮೆತ್ತಗಿನ ಚರ್ಮ ಅದರ ಜೊತೆ ಅಲುಗುವುದರಿಂದ ಕೊಯ್ಯುವುದಿಲ್ಲ. ಸದ್ದು ಮಾತ್ರ ಭಯಂಕರ. ಚಿಕ್ಕಮ್ಮ ಕಣ್ಣು ಮುಚ್ಚಿ ರಾಮ ರಾಮ ಅನ್ನುತ್ತಿದ್ದರು. ಪ್ಲಾಸ್ಟರ್ ಬಿಚ್ಚಿದಾಗ ಒಳಗಿನಿಂದ ಬಿದ್ದದ್ದು ಹಿಡಿಸೂಡಿಯ ಎರಡು ಕಡ್ಡಿ, ಒಂದು ಹೇರ್‌ಪಿನ್ನು, ನಾಲ್ಕು ಕಾಳು ಕುಚ್ಚಲಕ್ಕಿ. ತುರಿಸಲು ಹಾಕಿದ್ದಂತೆ! ಅಕ್ಕಿ ಯಾಕೆ ಅಂತ ಇವತ್ತಿಗೂ ಹೇಳಲಿಲ್ಲ.

ಎಲುಬು ಡಾಕ್ಟ್ರು · 7.58

ಕಡ್ಡಿ ಹಾಕಬೇಡಿ ಮಾರಾಯ್ರೆ. ಒಳಗೆ ಗೀರಿ ಹುಣ್ಣಾದರೆ ಹೊರಗೆ ಕಾಣುವುದಿಲ್ಲ, ವಾಸನೆ ಬಂದಾಗಲೇ ಗೊತ್ತಾಗುವುದು.

ದೋಟಿ ಮಾವ · 8.05

ನಮ್ಮಲ್ಲಿ ಅಡಕೆಗೆ ಮದ್ದು ಬಿಡುವ ಸಮಯದಲ್ಲಿ ಕಂಗಿನಿಂದ, ಅಂದರೆ ಅಡಕೆ ಮರದಿಂದ, ಬಿದ್ದವರನ್ನು ಎಷ್ಟು ನೋಡಿದ್ದೇನೆ. ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದದ ಕೋಲು, ಬಂದ ಮೇಲೆ ಹತ್ತುವುದು ಕಡಿಮೆ ಆಯಿತು. ಮೊದಲೆಲ್ಲ ಬಿದ್ದ ಕೂಡಲೇ ಏನು ಮಾಡುತ್ತಿದ್ದೆವು ಗೊತ್ತಾ? ಅಲ್ಲೇ ಬಿದ್ದ ಒಂದು ಹಸಿ ಅಡಕೆ ಹಾಳೆ ತೆಗೆದು, ಎರಡೂ ತುದಿ ಕತ್ತರಿಸಿ, ಒಳಗೆ ಬಟ್ಟೆ ಇಟ್ಟು ಕೈಯನ್ನು ಅದರಲ್ಲಿ ಮಲಗಿಸುವುದು. ಬೈರಾಸಿನಿಂದ ಕುತ್ತಿಗೆಗೆ ಜೋಳಿಗೆ. ಹಾಳೆಯ ಬಾಗು ಕೈಯ ಬಾಗಿಗೆ ಸರಿಯಾಗಿ ಕೂರುತ್ತದೆ, ಯಾರೋ ಅಳತೆ ತೆಗೆದು ಮಾಡಿದ ಹಾಗೆ.

ಎಲುಬು ಡಾಕ್ಟ್ರು · 8.09

ಮಾವ, ಹಾಳೆ ಫಸ್ಟ್ ಕ್ಲಾಸ್ ಸ್ಪ್ಲಿಂಟ್, ಅಂದರೆ ಮುರಿದ ಕೈಗೆ ಆಸರೆ. ಸುಮ್ನೆ ಹೇಳುವುದಲ್ಲ. ಬಿಗಿ ಕಟ್ಟಬಾರದು ಅಷ್ಟೇ. ಜೋಳಿಗೆಯಲ್ಲಿ ಅಂಗೈ ಮೊಣಕೈಗಿಂತ ಸ್ವಲ್ಪ ಮೇಲೆ ಇರಬೇಕು. ಸೀರಿಯಲ್ ಸೊಸೆಯ ಅಂಗೈ ಕೆಳಗೆ ಜೋತಾಡುತ್ತಿದೆ, ರಕ್ತ ಎಲ್ಲ ಬೆರಳಿಗೆ ಇಳಿಯುತ್ತದೆ.

ಕುಂಬಳೆ ಲೋಕಲ್ · 8.12

ಇಷ್ಟೆಲ್ಲ ಯಾಕೆ? ಪುತ್ತೂರು ಕಟ್ಟು ಕಟ್ಟಿಸಿದರೆ ಮುಗಿಯಿತು. ನಮ್ಮ ಪುತ್ತೂರಿನಲ್ಲಿ ಎಲುಬು ಕಟ್ಟುವವರು ಫೇಮಸ್ ಅಂತೆ, ತಮಿಳ್ನಾಡಿನಿಂದೆಲ್ಲ ಬರುತ್ತಾರಂತೆ. ಬದಿಯಡ್ಕದಿಂದ ಎಷ್ಟು ದೂರ?

ಕುಪ್ಪಂ ಕನ್ನಡಿಗ · 8.16

ಅಣ್ಣಾ, ನಿಮ್ಮ ಪುತ್ತೂರಲ್ಲ! ಅದು ನಮ್ಮ ಆಂಧ್ರದ ಪುತ್ತೂರು. ತಿರುಪತಿಯಿಂದ ಚೆನ್ನೈಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. ನೀವು ಬದಿಯಡ್ಕದಿಂದ ಬಸ್ಸು ಹತ್ತಿ ದಕ್ಷಿಣ ಕನ್ನಡದ ಪುತ್ತೂರಿಗೆ ಹೋಗಿ 'ಕಟ್ಟು ಎಲ್ಲಿ' ಅಂತ ಕೇಳಿದರೆ ಎಂತ ತೋರಿಸುತ್ತಾರೋ.

ಮಂಜೇಶ್ವರ ಮೀನು · 8.17

ಅಡಕೆ ಕಟ್ಟು ತೋರಿಸ್ತಾರೆ.

ಕುಪ್ಪಂ ಕನ್ನಡಿಗ · 8.21

ನಾನು ಸಣ್ಣವನಿದ್ದಾಗ ಅಪ್ಪ ಕರೆದುಕೊಂಡು ಹೋಗಿದ್ದರು. ಸೊಪ್ಪಿನ ಹಸಿರು ಲೇಪ, ಮೊಟ್ಟೆಯ ಬಿಳಿ, ಬಿದಿರಿನ ಪಟ್ಟಿ, ಮೇಲೆ ಬಟ್ಟೆ. ಬಸ್ಸಿನಲ್ಲಿ ವಾಪಸ್ ಬರುವಾಗ ಮೊಟ್ಟೆ ವಾಸನೆಗೆ ಪಕ್ಕದವರು ಎದ್ದು ಹೋದರು. ಕೈ ಸರಿಯಾಯಿತು, ಈಗಲೂ ಸೈಕಲ್ ಹೊಡೆಯುತ್ತೇನೆ. ಆದರೆ ಮೊಣಕೈ ಪೂರ್ತಿ ನೇರ ಆಗುವುದಿಲ್ಲ, ನಿಜ ಹೇಳುತ್ತೇನೆ.

ಹೊಸೂರು ಹುಡುಗ · 8.25

ನಮ್ಮ ಹೊಸೂರಿನ ಕಡೆ ಎಲುಬು ಮುರಿದರೆ ಪಿರಂಡೈ ಚಟ್ನಿ ಮಾಡಿ ಕೊಡುತ್ತಾರೆ. ಕನ್ನಡದಲ್ಲಿ ಮಂಗರಬಳ್ಳಿ. ಸರಿಯಾಗಿ ಹುರಿಯದಿದ್ದರೆ ಗಂಟಲು ತುರಿಸಿ ಎಲುಬಿನ ನೋವು ಮರೆತೇ ಹೋಗುತ್ತದೆ. ಅದೇ ಅದರ ಗುಟ್ಟು ಇರಬೇಕು.

ಅಂಗಳದ ಪಾಚಿ · 8.27

ನಮ್ಮಲ್ಲಿ ಅಜ್ಜಿಗೆ ಹುಳಿ ಕೊಡಬಾರದು ಅಂತ ಆರು ವಾರ ಪುನರ್ಪುಳಿ ಸಾರು ಬಂದ್ ಮಾಡಿದ್ದರು. ಇದಕ್ಕೆ ಅರ್ಥ ಉಂಟಾ?

ಎಲುಬು ಡಾಕ್ಟ್ರು · 8.33

ಇಲ್ಲ. ಪಾಪ, ಅಜ್ಜಿಗೆ ಇವತ್ತೇ ಮಾಡಿಕೊಡಿ. ಎಲುಬು ಕೂಡುವುದಕ್ಕೆ ಹುಳಿ ಅಡ್ಡ ಬರುವುದಿಲ್ಲ, ಬೀಡಿ ಸಿಗರೇಟು ಬರುತ್ತದೆ. ಅದನ್ನು ಯಾರೂ ಬಂದ್ ಮಾಡುವುದಿಲ್ಲ. ಅಂಗಳದಲ್ಲಿ ಸುಮ್ಮನೆ ಜಾರಿ ಬಿದ್ದದ್ದಕ್ಕೇ ಮಣಿಗಂಟು ಮುರಿದಿದೆ ಅಂದರೆ ಎಲುಬು ಟೊಳ್ಳಾಗಿರಬಹುದು. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಇದು ಜಾಸ್ತಿ. ಎಲುಬಿನ ಸಾಂದ್ರತೆ ಪರೀಕ್ಷೆ ಮಾಡಿಸಿದ್ದೀರಾ? ಈ ಸಲ ಮಣಿಗಂಟು, ಮುಂದಿನ ಸಲ ಸೊಂಟ ಆಗಬಾರದು.

ಅಂಗಳದ ಪಾಚಿ · 8.35

ಮಾಡಿಸಲಿಲ್ಲ. ಕೇಳುತ್ತೇನೆ. ಈಗ ಸೀರಿಯಲ್ ಸುರುವಾಯಿತು, ಅರ್ಧ ಗಂಟೆ ನಾನಿಲ್ಲ.

ದೋಟಿ ಮಾವ · 8.50

ಕಟ್ಟಿನ ವಿಷಯ ಬಂತಲ್ಲ, ಒಂದು ಹೇಳಿಯೇ ಬಿಡುತ್ತೇನೆ. ನನ್ನ ಅಕ್ಕನ ಮಗ. ಏಳು ವರ್ಷ. ಪೇರಳೆ ಮರದಿಂದ ಬಿದ್ದು ಮೊಣಕೈಯ ಸ್ವಲ್ಪ ಮೇಲೆ ಮುರಿಯಿತು. ಮಳೆಗಾಲ, ತೋಡು ದಾಟುವ ಸಂಕ ಮುಳುಗಿತ್ತು. ಹತ್ತಿರದಲ್ಲೇ ಒಬ್ಬರು ಕಟ್ಟುವವರು ಇದ್ದರು, ಅಲ್ಲಿಗೆ ಹೋದೆವು. ಬಿದಿರು ಪಟ್ಟಿ ಇಟ್ಟು ಗಟ್ಟಿ ಕಟ್ಟಿದರು. ರಾತ್ರಿಯಿಡೀ ಹುಡುಗ ಅತ್ತ. 'ಎಲುಬು ಕೂಡುವಾಗ ನೋವು ಇದ್ದದ್ದೇ' ಅಂದರು. ನಾವೂ ಹೌದು ಅಂದುಕೊಂಡೆವು. ಎರಡನೇ ದಿನ ಅಳು ನಿಂತಿತು. ಸರಿಯಾಯಿತು ಅಂತ ಎಲ್ಲರಿಗೂ ಖುಷಿ.

ಸರಿಯಾದದ್ದಲ್ಲ. ಕೈ ಜೋಮು ಹಿಡಿದದ್ದು. ಬಿಚ್ಚಿದಾಗ ಎಲುಬು ಕೂಡಿತ್ತು, ಬೆರಳು ಐದೂ ಒಳಗೆ ಮಡಚಿ ಹೋಗಿತ್ತು, ಕೋಳಿಯ ಕಾಲಿನ ಹಾಗೆ. ಈಗ ಅವನಿಗೆ 40 ದಾಟಿತು. ಆ ಕೈಯಲ್ಲಿ ಚೀಲದ ಹಿಡಿ ಸಿಕ್ಕಿಸಿಕೊಳ್ಳುತ್ತಾನೆ, ಅಷ್ಟೇ. ಅಂಗಿಯ ಗುಬ್ಬಿ, ಅಂದರೆ ಗುಂಡಿ, ಹೆಂಡತಿ ಹಾಕಬೇಕು.

ಎಲುಬು ಡಾಕ್ಟ್ರು · 8.58

ಮಾವ, ಇದನ್ನು ಫೋಲ್ಕ್‌ಮನ್ ಅನ್ನುವ ಜರ್ಮನ್ ಡಾಕ್ಟರ್ 1881ರಲ್ಲೇ ಬರೆದಿದ್ದಾರೆ. ಈಗಲೂ ಪರೀಕ್ಷೆಯಲ್ಲಿ ನಮಗೆ ಖಾಯಂ ಪ್ರಶ್ನೆ. ಒಳಗೆ ಊತ ಏರುತ್ತದೆ, ಹೊರಗಿನ ಕಟ್ಟು ಜಾಗ ಕೊಡುವುದಿಲ್ಲ. ಒತ್ತಡಕ್ಕೆ ಸಣ್ಣ ರಕ್ತನಾಳಗಳು ಮುಚ್ಚಿ ಮಾಂಸಖಂಡ ಉಸಿರು ಕಟ್ಟಿದ ಹಾಗೆ ಸಾಯುತ್ತದೆ. ಆರೇಳು ಗಂಟೆ ಸಾಕು. ನಾಡಿ ಸಿಗುತ್ತದೆ ಅಂತ ಸುಮ್ಮನಿರಲೂ ಆಗುವುದಿಲ್ಲ, ನಾಡಿ ಇರುವಾಗಲೇ ಇದು ಆಗುತ್ತದೆ. ಮಕ್ಕಳಲ್ಲಿ ಮೊಣಕೈ ಮೇಲಿನ ಮುರಿತಕ್ಕೆ ನಾವು ಹೆದರುವುದೇ ಇದಕ್ಕೆ.

ಕಟ್ಟುವವರಿಗೆ ಮಾತ್ರ ಬೈಯುವುದಿಲ್ಲ. ಆಸ್ಪತ್ರೆಯ ಪ್ಲಾಸ್ಟರಿನಲ್ಲೂ ಆಗಬಹುದು. ಆದ್ದರಿಂದ ಮೊದಲ ಎರಡು ಮೂರು ದಿನ ಸಾಮಾನ್ಯವಾಗಿ ಸ್ಲ್ಯಾಬ್, ಅಂದರೆ ಒಂದು ಬದಿಗೆ ಮಾತ್ರ ಪ್ಲಾಸ್ಟರ್, ಉಳಿದದ್ದು ಬ್ಯಾಂಡೇಜ್. ಊತ ಇಳಿದ ಮೇಲೆ ಸುತ್ತು ಪ್ಲಾಸ್ಟರ್. ಸೀರಿಯಲ್‌ನಲ್ಲಿ ಬಿದ್ದ ಅರ್ಧ ಗಂಟೆಗೆ ಸುತ್ತು ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದರು. ಎಡ ಬಲ, ಬಳೆ, ಕೊಡಪಾನ ಎಲ್ಲ ನಗುವುದಕ್ಕೆ ಆಯಿತು. ನನಗೆ ಸಿಟ್ಟು ಬಂದದ್ದು ಇದಕ್ಕೆ: ನಾಲ್ಕು ಎಪಿಸೋಡಿನಲ್ಲಿ ಒಬ್ಬರೂ ಅವಳ ಬೆರಳು ನೋಡಲಿಲ್ಲ.

ಕುಂಬಳೆ ಲೋಕಲ್ · 9.04

ಆದರೂ ನನ್ನ ದೊಡ್ಡಪ್ಪನಿಗೆ ನಾಟಿ ಕಟ್ಟಿನಲ್ಲೇ ಚೆನ್ನಾಗಿ ಗುಣ ಆಗಿದೆ. ಒಂದು ಕೇಸ್ ಹಾಳಾಯಿತು ಅಂತ ಎಲ್ಲರನ್ನೂ ತೆಗಳುವುದು ಸರಿಯಲ್ಲ.

ಎಲುಬು ಡಾಕ್ಟ್ರು · 9.07

ಎಲುಬು ತನ್ನಷ್ಟಕ್ಕೇ ಕೂಡುತ್ತದೆ ಅಣ್ಣ. ನಾನು ಕಟ್ಟಿದರೂ ಕೂಡುತ್ತದೆ, ಅವರು ಕಟ್ಟಿದರೂ ಕೂಡುತ್ತದೆ, ಸುಮ್ಮನೆ ಹಾಳೆಯಲ್ಲಿ ಇಟ್ಟರೂ ಹೆಚ್ಚಿನದು ಹೇಗೋ ಕೂಡುತ್ತದೆ. ನೇರ ಕೂಡಿತಾ, ಬೆರಳಿಗೆ ರಕ್ತ ಹೋಯಿತಾ, ಅಷ್ಟೇ ಪ್ರಶ್ನೆ.

ಉಪ್ಪಳದ ಅಪ್ಪ · 9.26

ನಾನು ಇಲ್ಲಿ ಬರೆಯುವುದು ಕಡಿಮೆ. ಓದುತ್ತಾ ಓದುತ್ತಾ ಹೆದರಿಕೆ ಆಯಿತು. ಮಗನಿಗೆ ಒಂಬತ್ತು ವರ್ಷ, ಮಧ್ಯಾಹ್ನ ಮೈದಾನದಲ್ಲಿ ಬಿದ್ದ. ಮೊಣಕೈ ಮತ್ತು ಮಣಿಗಂಟಿನ ನಡುವೆ ಮುರಿದಿದೆ. ಎಳೆದು ಸರಿಮಾಡಿ ಪ್ಲಾಸ್ಟರ್ ಹಾಕಿದರು, ಸುತ್ತಲೂ. ಸಂಜೆಯಿಂದ ಅಳುತ್ತಿದ್ದಾನೆ. ನೋವಿನ ಸಿರಪ್ ಎರಡು ಸಲ ಕೊಟ್ಟಾಯಿತು. ಬೆರಳು ಸ್ವಲ್ಪ ದಪ್ಪ ಆಗಿದೆ. ಬೆಳಿಗ್ಗೆವರೆಗೆ ನೋಡುವುದಾ?

ಒಂದು ಚೀಟಿ ಕೊಟ್ಟಿದ್ದಾರೆ, ಪೂರ್ತಿ ಮಲಯಾಳದಲ್ಲಿ. ನಾನು ಓದಿದ್ದು ಕನ್ನಡ ಶಾಲೆಯಲ್ಲಿ, ಮಲಯಾಳ ಮಾತಾಡುತ್ತೇನೆ, ಅಕ್ಷರ ಕೂಡಿಸಿ ಕೂಡಿಸಿ ಓದಬೇಕು. ಬೆರಳಿಗೆ ನೀರು ಬಂದರೆ ಕೂಡಲೇ ಬನ್ನಿ ಅಂತ ಉಂಟು. ಪ್ಲಾಸ್ಟರಿಗೆ ನೀರು ತಾಗಿಸಬಾರದು ಅಂತ ತಿಳಿದು ಪ್ಲಾಸ್ಟಿಕ್ ಕಟ್ಟಿ ಇಟ್ಟಿದ್ದೇನೆ.

ಫಿಸಿಯೋ ಅಕ್ಕ · 9.28

ಅಣ್ಣಾ, ಮಲಯಾಳದಲ್ಲಿ ನೀರ್ ಅಂದರೆ ಊತ! ಕುಡಿಯುವ ನೀರಿಗೆ ಅವರು ವೆಳ್ಳಂ ಅನ್ನುತ್ತಾರೆ. 'ಬೆರಳು ಊದಿದರೆ ಕೂಡಲೇ ಬನ್ನಿ' ಅಂತ ಬರೆದದ್ದು ಅದು. ಹೊರಡಿ.

ಎಲುಬು ಡಾಕ್ಟ್ರು · 9.29

ಬೆಳಿಗ್ಗೆವರೆಗೆ ಕಾಯಬೇಡಿ. ಮಗನ ಬೆರಳನ್ನು ಮೆಲ್ಲ ನೇರ ಮಾಡಿ ನೋಡಿ. ಜೋರು ನೋವಾಗುತ್ತದಾ? ಉಗುರು ಒತ್ತಿ ಬಿಡಿ, ಬಿಳಿಯಾದದ್ದು ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು.

ಉಪ್ಪಳದ ಅಪ್ಪ · 9.32

ಬೆರಳು ಮುಟ್ಟಿದರೆ ಕಿರುಚುತ್ತಾನೆ. ಉಗುರಿನದ್ದು ಗೊತ್ತಾಗುವುದಿಲ್ಲ, ಕರೆಂಟ್ ಇಲ್ಲ, ಟಾರ್ಚಿನಲ್ಲಿ ನೋಡುತ್ತಿದ್ದೇನೆ. ಕಿರುಬೆರಳು ಮರಗಟ್ಟಿದ ಹಾಗೆ ಅನ್ನುತ್ತಾನೆ. ಮಂಗಳೂರಿಗಾ ಕಾಸರಗೋಡಿಗಾ?

ಎಲುಬು ಡಾಕ್ಟ್ರು · 9.33

ಯಾವುದು ಬೇಗ ತಲುಪುತ್ತದೋ ಅಲ್ಲಿಗೆ. ಪ್ಲಾಸ್ಟರ್ ಹಾಕಿದಲ್ಲಿಗೇ ಆದರೂ ಆಯಿತು. ಹಣ ಕೊಟ್ಟದ್ದು, ಚೀಟಿ, ಯಾವುದೂ ಹುಡುಕಬೇಡಿ. ಕ್ಯಾಶುವಲ್ಟಿಗೆ ಹೋಗಿ 'ಪ್ಲಾಸ್ಟರ್ ಬಿಗಿ ಆಗಿದೆ, ಬೆರಳು ನೇರ ಮಾಡಿದರೆ ನೋವು, ಮರಗಟ್ಟುತ್ತಿದೆ' ಅಂತ ಇಷ್ಟೇ ಹೇಳಿ. ಅವರಿಗೆ ಅರ್ಥ ಆಗುತ್ತದೆ. ಮನೆಯಲ್ಲಿ ಕತ್ತರಿಸಲು ಹೋಗಬೇಡಿ. ಕೈಯನ್ನು ಎದೆಯ ಮಟ್ಟದಲ್ಲಿ ಇಟ್ಟುಕೊಳ್ಳಿ. ಕುಡಿಯಲು ತಿನ್ನಲು ಏನೂ ಕೊಡಬೇಡಿ, ಆಪರೇಶನ್ ಬೇಕಾದರೆ ತೊಂದರೆ.

ಉಪ್ಪಳದ ಅಪ್ಪ · 9.35

ಹೊರಟೆ.

ಕುಂಬಳೆ ಲೋಕಲ್ · 9.41

ಹೈವೇಯಲ್ಲಿ ನಿಧಾನ ಹೋಗಿ ಅಣ್ಣ. ಏನು ಬೇಕಾದರೂ ಬರೆಯಿರಿ, ಎಚ್ಚರ ಇದ್ದೇನೆ.

ಕಪ್ಪು ಬಿಳುಪು · 9.50

2020ರ ಮಾರ್ಚ್ ನೆನಪಾಯಿತು. ಕೊರೊನಾ ಅಂತ ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿ, ಒಳದಾರಿಗಳಿಗೂ ಮಣ್ಣು ಸುರಿದಿದ್ದರು. ಕಾಯಿಲೆಯವರು ಆಂಬುಲೆನ್ಸಿನಲ್ಲಿ ಗಡಿಯ ಈಚೆ ನಿಂತಿದ್ದರು. ನಮಗೆ ಡಾಕ್ಟರ್ ಅಂದರೆ ಮಂಗಳೂರು, ಚೀಟಿ ಅಂದರೆ ಮಲಯಾಳ. ಎರಡರ ನಡುವೆ ನಾವು.

ದೋಟಿ ಮಾವ · 9.54

ಇಲ್ಲಿ ಭಾಷಾ ಅಲ್ಪಸಂಖ್ಯಾತರು ಅಂತ ಕಾಗದದಲ್ಲಿ ಉಂಟು. ಅಷ್ಟು ಜನ ಕನ್ನಡದವರು ಹೋಗುವ ಕಡೆ ಐದು ಸಾಲು ಕನ್ನಡದಲ್ಲಿ ಅಚ್ಚು ಹಾಕಿಸಲು ಎಷ್ಟು ಖರ್ಚು?

ಸೀರಿಯಲ್ ಸೀತಕ್ಕ · 9.57

ನಾನು ಮಲಯಾಳ ಓದುತ್ತೇನೆ. ಯಾರಿಗಾದರೂ ಇಂಥ ಚೀಟಿ ಸಿಕ್ಕಿದರೆ ಫೋಟೋ ಹಾಕಿ, ಕನ್ನಡಕ್ಕೆ ಮಾಡಿಕೊಡುತ್ತೇನೆ. ಸೀರಿಯಲ್ ನೋಡಿಯೇ ಕಲಿತದ್ದು, ನಗಬೇಡಿ.

ಕುಂಬಳೆ ಲೋಕಲ್ · 9.58

ನಗುವುದಿಲ್ಲ ಸೀತಕ್ಕ.

ಹೊಸೂರು ಹುಡುಗ · 10.10

ಅವರು ಬರುವವರೆಗೆ ಒಂದು ದಡ್ಡ ಪ್ರಶ್ನೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ನಿಜವಾಗಿ ಪ್ಯಾರಿಸ್‌ನದ್ದಾ?

ಎಲುಬು ಡಾಕ್ಟ್ರು · 10.18

ಪ್ಯಾರಿಸ್‌ನ ಒಂದು ಗುಡ್ಡದಲ್ಲಿ ಜಿಪ್ಸಮ್ ಕಲ್ಲು ತೆಗೆಯುತ್ತಿದ್ದರು, ಹೆಸರು ಹಾಗೆ ಬಂತು. ಕಲ್ಲನ್ನು ಬಿಸಿ ಮಾಡಿದರೆ ನೀರಿನ ಅಂಶ ಹೋಗಿ ಪುಡಿಯಾಗುತ್ತದೆ. ಪುಡಿಗೆ ನೀರು ಸೇರಿದರೆ ಮತ್ತೆ ಕಲ್ಲು. ಗಟ್ಟಿಯಾಗುವಾಗ ಬಿಸಿ ಬರುತ್ತದೆ, ಮಕ್ಕಳು ಹೆದರುತ್ತಾರೆ. ಬ್ಯಾಂಡೇಜಿಗೆ ಈ ಪುಡಿ ಉಜ್ಜಿ ಇಡುವ ಉಪಾಯ ಮಾಡಿದ್ದು 1851ರಲ್ಲಿ ಮಾಟೈಸನ್ ಅನ್ನುವ ಡಚ್ ಸೈನ್ಯದ ಡಾಕ್ಟರ್. ಕೆಲವೇ ನಿಮಿಷದಲ್ಲಿ ಗಟ್ಟಿಯಾದ ಹಾಗೆ ಕಾಣುತ್ತದೆ, ಪೂರ್ತಿ ಒಣಗಲು ಎರಡು ದಿನ. ಸೀರಿಯಲ್‌ನಲ್ಲಿ ಗಂಡ ಆಸ್ಪತ್ರೆಯಲ್ಲೇ ಬಿಗಿಯಾಗಿ ಅಪ್ಪಿಕೊಂಡನಲ್ಲ, ನಿಜವಾದದ್ದಾಗಿದ್ದರೆ ಅವನ ಅಂಗಿಯ ಗುಬ್ಬಿ ಅದರಲ್ಲಿ ಅಚ್ಚಾಗುತ್ತಿತ್ತು.

ಫಿಸಿಯೋ ಅಕ್ಕ · 10.30

ಅಜ್ಜಿಗೆ ಈಗ ಹೇಳಿ. ಪ್ಲಾಸ್ಟರ್ ಬಿಚ್ಚಿದ ಕೈ ಸಪೂರ ಆಗಿರುತ್ತದೆ, ಚರ್ಮ ಸಿಪ್ಪೆ ಏಳುತ್ತದೆ, ಮಣಿಗಂಟು ಬಿಗಿದಿರುತ್ತದೆ. ಎಲುಬು ಕೂಡಿದರೆ ಅರ್ಧ ಕೆಲಸ. ಉಗುರು ಬೆಚ್ಚಗಿನ ನೀರಿನಲ್ಲಿ ಕೈ ಇಟ್ಟು ಮೆಲ್ಲ ಮೇಲೆ ಕೆಳಗೆ ಆಡಿಸುವುದು, ಚಪಾತಿ ಹಿಟ್ಟು ಹಿಸುಕುವುದು, ಕಡೆಗೆ ಬೈರಾಸು ಹಿಂಡುವುದು. ಮೊದಲು ಒಣ ಬೈರಾಸು, ಆಮೇಲೆ ಒದ್ದೆ. ಎರಡು ತಿಂಗಳಲ್ಲಿ ಹಿಂಡಲು ಆಗಲಿಲ್ಲ ಅಂತ ಬಿಡಬಾರದು. ಇವತ್ತು ಬಿಟ್ಟರೆ ಬಾವಿಯ ಹಗ್ಗ ಎಳೆಯುವ ಆಸೆಯನ್ನೂ ಬಿಡಬೇಕು. ಮತ್ತೆ, ಪ್ಲಾಸ್ಟರ್ ಇರುವಾಗಲೂ ಬೆರಳು, ಭುಜ ದಿನಾ ಆಡಿಸಬೇಕು. ಸೀರಿಯಲ್ ಸೊಸೆ ಪ್ಲಾಸ್ಟರ್ ಕೈಯನ್ನು ದೇವರ ಮೂರ್ತಿಯ ಹಾಗೆ ಇಟ್ಟುಕೊಂಡಿದ್ದಳು.

ಮಂಜೇಶ್ವರ ಮೀನು · 10.32

ಅವಳದ್ದು ಮಧೂರು ಗಣಪತಿಗೆ ಅಪ್ಪದ ಹರಕೆ ಹೇಳಿಕೊಂಡದ್ದರಿಂದ ಗುಣ ಆದದ್ದು, ಸೆನ್ಸಾರ್ ಮಾಡಿದ್ದಾರೆ.

ಉಪ್ಪಳದ ಅಪ್ಪ · 1.40

ಈಗ ಬಂದು ಕೂತೆ. ಪ್ಲಾಸ್ಟರನ್ನು ಮೇಲಿನಿಂದ ಕೆಳಗಿನವರೆಗೆ ಎರಡೂ ಬದಿ ಸೀಳಿದರು, ಒಳಗಿನ ಹತ್ತಿಯನ್ನೂ ಚರ್ಮ ಕಾಣುವವರೆಗೆ ಕತ್ತರಿಸಿದರು. ಹತ್ತು ನಿಮಿಷದಲ್ಲಿ ಅಳು ನಿಂತಿತು. ಮಾವ ಹೇಳಿದ ಅಳು ನಿಂತದ್ದು ನೆನಪಾಗಿ ನಾನು ಮತ್ತೆ ಮತ್ತೆ ಬೆರಳು ಮುಟ್ಟಿ ಕೇಳಿದೆ, ಗೊತ್ತಾಗುತ್ತದಾ ಅಂತ. ಕಡೆಗೆ ಅವನಿಗೇ ಸಿಟ್ಟು ಬಂತು, ಕಿರುಬೆರಳಿನಲ್ಲಿ ನನ್ನ ಕೈಗೆ ಚುಚ್ಚಿದ. ಬೆಳಿಗ್ಗೆವರೆಗೆ ಇಲ್ಲೇ ಇರಲು ಹೇಳಿದ್ದಾರೆ, ಗಂಟೆಗೊಮ್ಮೆ ನರ್ಸ್ ಬಂದು ನೋಡುತ್ತಾರೆ. ಆಪರೇಶನ್ ಸದ್ಯಕ್ಕೆ ಬೇಡವಂತೆ. ಈಗ ನಿದ್ದೆ ಮಾಡಿದ್ದಾನೆ.

ಎಲುಬು ಡಾಕ್ಟ್ರು · 1.43

ಒಳ್ಳೆಯದಾಯಿತು. ಮತ್ತೆ ನೋವು ಏರಿದರೆ ನರ್ಸನ್ನು ಕರೆಯಿರಿ, ಸಂಕೋಚ ಬೇಡ. ನಾನೂ ಡ್ಯೂಟಿಯಲ್ಲೇ ಇದ್ದೇನೆ.

ದೋಟಿ ಮಾವ · 5.20

ಈಗ ಎದ್ದು ಓದಿದೆ. ಸಂತೋಷ ಆಯಿತು ಮಗ.

ಅಂಗಳದ ಪಾಚಿ · ಬೆಳಿಗ್ಗೆ 7.45

ಬೆಳಿಗ್ಗೆ ಚಹಾದ ಹೊತ್ತಿಗೆ ಅಜ್ಜಿಗೆ ಎಲ್ಲ ಓದಿ ಹೇಳಿದೆ. ಮಾವನ ಅಕ್ಕನ ಮಗನ ಕಥೆಗೆ ಸುಮ್ಮನೆ ಕೂತರು. ಉಪ್ಪಳದ ಹುಡುಗನ ಹೆಸರು ಕೇಳಿದರು, ಗೊತ್ತಿಲ್ಲ ಅಂದೆ. ಪುನರ್ಪುಳಿ ವಿಷಯಕ್ಕೆ ಮಾತ್ರ ಅಮ್ಮನಿಗೆ ಸರಿಯಾಗಿ ಬೈದರು.

ನಿನ್ನೆಯ ಎಪಿಸೋಡಿನಲ್ಲಿ ಹಳೆಯದನ್ನು ನೆನಪಿಸಲು ಮತ್ತೆ ಆ ಪ್ಲಾಸ್ಟರ್ ಸೀನ್ ತೋರಿಸಿದ್ದರು. ಅದನ್ನು ನೆನೆದು ಅಜ್ಜಿ ಈಗ ಹೇಳಿದ್ದು: 'ಅವಳ ಉಗುರಿಗೆ ಕೆಂಪು ಬಣ್ಣ ಇತ್ತಲ್ಲ ಮಗಾ. ಒತ್ತಿ ನೋಡಿದರೂ ಬಿಳಿ ಆದದ್ದು ಹೇಗೆ ಕಾಣುವುದು?'

ಡಾಕ್ಟ್ರೇ, ಇದು ನಿಮಗೂ ಹೊಳೆದಿರಲಿಲ್ಲ ಅಲ್ವಾ?

ಎಲುಬು ಡಾಕ್ಟ್ರು · 7.51

ಹೊಳೆದಿರಲಿಲ್ಲ. ಅಜ್ಜಿಗೆ ನಮಸ್ಕಾರ.

ಮಂಜೇಶ್ವರ ಮೀನು · 7.52

ಅಜ್ಜಿಯನ್ನು ಆ ಸೀರಿಯಲ್ ಆಸ್ಪತ್ರೆಗೆ ಡಾಕ್ಟರ್ ಮಾಡಿ.

ಅಂಗಳದ ಪಾಚಿ · 7.58

ಈಗ ಪುರುಸೊತ್ತಿಲ್ಲ. ಹಿತ್ತಲಿನ ಕಲ್ಲಿನ ಹತ್ತಿರ ನಿಂತು ಬೈರಾಸು ಹಿಂಡುತ್ತಿದ್ದಾರೆ. ಒಣಗಿದ್ದು.